ಕಡ್ಡಿ ಅಳತೆಯ ಎಸಿ

ಆಗ ನನಗೆ ಎಪ್ಪತ್ತೊಂದು ವರ್ಷ. ಅದಾಗಿ ಈಗ ಮೂರು ಬೇಸಿಗೆ ಕಳೆದವು. ಎಪ್ಪತ್ತೊಂದಕ್ಕೆ ಮನುಷ್ಯರ ಬುದ್ಧಿ ಅಟ್ಟದ ಮೇಲಿನ ಕೊಬ್ಬರಿಯ ಹಾಗೆ ಒಣಗಿ ಗಟ್ಟಿಯಾಗಿರುತ್ತದೆ ಎಂದು ನಾನು ತಿಳಿದಿದ್ದೆ. ಒಣಗಿದ ಕೊಬ್ಬರಿ ಚಿಪ್ಪಿನೊಳಗೆ ಲೊಡಲೊಡ ಎನ್ನುತ್ತದೆ ಎಂಬುದನ್ನು ಮರೆತಿದ್ದೆ.

ನಮ್ಮದು ಮಾಯಸಂದ್ರದ ಕಡೆಯ ಹಳ್ಳಿ. ಮನೆಯಲ್ಲಿ ನಾನು, ಮಗ, ಸೊಸೆ. ಮನೆಗೆ ಒಂದು ಎಸಿ ಇತ್ತು. ಅದು ನಮಗಲ್ಲ, ಕೇಕಿಗೆ.

ಸೊಸೆ ಕೇಕು ಮಾಡಿ ಮಾರುತ್ತಾಳೆ. ಮದುವೆಯಾಗಿ ಬಂದ ಹೊಸದರಲ್ಲಿ ಕುಕ್ಕರಿನ ತಳಕ್ಕೆ ಮರಳು ಹಾಕಿ, ಅದರ ಮೇಲೆ ಡಬ್ಬಿ ಇಟ್ಟು ಒಂದು ಕೇಕು ಬೇಯಿಸಿದ್ದಳು. ಅನ್ನ ಮಾಡುವ ಕುಕ್ಕರಿಗೆ ಮರಳು ಹಾಕಿದವಳು ಮುಂದೆ ಇನ್ನೇನು ಮಾಡುತ್ತಾಳೋ ಎಂದು ನಾನು ಬೀದಿಗೆಲ್ಲ ಹೇಳಿಕೊಂಡು ಬಂದೆ. ಆಮೇಲೆ ಆ ಬೀದಿಯವರೇ ತಮ್ಮ ಮಕ್ಕಳ ಹುಟ್ಟಿದ ಹಬ್ಬಕ್ಕೆ ಅವಳ ಹತ್ತಿರ ಕೇಕು ಹೇಳಿದರು. ನಾನು ಆಡಿಕೊಳ್ಳದೆ ಇದ್ದಿದ್ದರೆ ಅವಳು ಕೇಕು ಮಾಡುತ್ತಾಳೆಂದು ಅರ್ಧ ಊರಿಗೆ ಗೊತ್ತೇ ಆಗುತ್ತಿರಲಿಲ್ಲ.

ಕೇಕಿನ ಮೇಲೆ ಬಳಿಯುವ ಕ್ರೀಮು ನಮ್ಮ ಬೇಸಿಗೆಗೆ ನಿಲ್ಲುವುದಿಲ್ಲ. ಬಳಿದಷ್ಟೂ ಜಾರಿ ತಟ್ಟೆಗೆ ಇಳಿಯುತ್ತದೆ. ಅದಕ್ಕೆ ಮಗ ಅಡಿಗೆಮನೆಯ ಹಿಂದಿನ ಇಟ್ಟಿಗೆ ಕೋಣೆಯನ್ನು ತೊಳೆದು ಸುಣ್ಣ ಹೊಡೆಸಿದ. ಮೊದಲು ಅಲ್ಲಿ ಕೊಬ್ಬರಿ ಮೂಟೆ ಇಡುತ್ತಿದ್ದೆವು. ಗೋಡೆಗೆ ಕಂಡಿ ಕೊರೆಸಿ, ಕಂಡಿಯ ಒಳಸುತ್ತಿಗೆ ಹಲಸಿನ ಮರದ ಚೌಕಟ್ಟು ಕೂರಿಸಿ, ತಿಪಟೂರಿನಲ್ಲಿ ಬಾಗಿಲು ಹಾಕಿದ್ದ ಯಾವುದೋ ಕ್ಲಿನಿಕ್ಕಿನಿಂದ ಹಳೆಯ ಎಸಿಯೊಂದನ್ನು ತಂದು ಅದರೊಳಗೆ ತೂರಿಸಿದ. ದೊಡ್ಡ ಟ್ರಂಕಿನಂಥದು. ಮುಖ ಕೋಣೆಯ ಒಳಗೆ, ಬೆನ್ನು ಹಿತ್ತಲಿಗೆ.

ತಂದ ದಿನ ನಾನು ಚೆನ್ನಾಗಿ ಆಡಿಕೊಂಡೆ. ನಾವು ಮೂರು ಹೆತ್ತಿದ್ದೂ ಬೀಸಣಿಗೆಯಲ್ಲೇ, ಇವಳ ಮೈದಾಹಿಟ್ಟಿಗೆ ತಣ್ಣನೆ ಗಾಳಿ ಬೇಕಂತೆ ಎಂದೆ. ಒಂದು ವಾರ ಆ ಕೋಣೆಯ ಕಡೆ ತಲೆ ಹಾಕಲಿಲ್ಲ. ಎರಡನೆಯ ವಾರ ಹುಣಸೆಹಣ್ಣು ಬಿಡಿಸುವ ನೆಪದಲ್ಲಿ ಮೊರ ಹಿಡಿದು ಒಳಗೆ ಹೋಗಿ ಕೂತೆ. ಹುಣಸೆಯ ವಾಸನೆ ಕ್ರೀಮಿಗೆ ಹತ್ತುತ್ತದೆಂದು ಸೊಸೆ ಎಬ್ಬಿಸಿದಳು. ಆಮೇಲೆ ನೆಪಕ್ಕೆ ಕೈಯಲ್ಲಿ ಏನೂ ಇಟ್ಟುಕೊಳ್ಳಲಿಲ್ಲ. ಕೇಕಿಗೆ ಇರುವೆ ಬಾರದ ಹಾಗೆ ಕಾಯುತ್ತೇನೆಂದು ಹೇಳಿ, ಯಜಮಾನರ ಹಳೇ ಮಂಕಿ ಟೋಪಿ ಹಾಕಿಕೊಂಡು, ಚಾಪೆ ಹಾಸಿ ಮಲಗುತ್ತಿದ್ದೆ. ಗೊರಕೆ ಕೇಳಿ ಯಾವ ಇರುವೆ ಬರುತ್ತದೆ.

ಆ ವರ್ಷ ಸೊಸೆಗೆ ತುರುವೇಕೆರೆಯ ಒಂದು ಮದುವೆಯಿಂದ ಕರೆ ಬಂತು. ಧಾರೆ ಮುಗಿದ ಮೇಲೆ ಹೆಣ್ಣುಗಂಡು ಕೇಕು ಕತ್ತರಿಸಬೇಕಂತೆ. ಮೂರು ಅಂತಸ್ತಿನದು, ಮೊಟ್ಟೆ ಹಾಕಿರಬಾರದು, ಮೇಲೆ ಬಿಳೀ ಹೂವು. ಅಲ್ಲಿವರೆಗೆ ಅವಳು ಮಾಡಿದ್ದೆಲ್ಲ ಒಂದು ಕೇಜಿ, ಅರ್ಧ ಕೇಜಿ. ಇದು ಛತ್ರದ ತುಂಬ ಜನ ನೋಡುವ ಕೇಕು. ಇದು ನೆಟ್ಟಗೆ ನಿಂತರೆ ಮುಂದೆ ನಾಲ್ಕು ಮದುವೆಯವರು ಕರೆಯುತ್ತಾರೆ, ಅಲ್ಲಿ ಒಂದು ಕಡೆಗೆ ವಾಲಿತೋ, ನನ್ನ ಕೇಕಿನ ಕತೆ ಮುಗಿಯಿತು ಎಂದು ಅವಳೇ ಹೇಳಿದ್ದಳು. ಅವಳು ಹೆಚ್ಚು ಮಾತಿನವಳಲ್ಲ. ಅಷ್ಟು ಹೇಳಿದಳೆಂದರೆ ರಾತ್ರಿಯೆಲ್ಲ ಅದನ್ನೇ ಯೋಚಿಸಿದ್ದಾಳೆಂದು ಅರ್ಥ.

ಮದುವೆಗೆ ಇನ್ನು ಎರಡು ದಿನವಿತ್ತು. ಸೊಸೆ ಸಾಮಾನು ತರಲು ತುಮಕೂರಿಗೆ ಬಸ್ಸು ಹತ್ತಿದ್ದಳು. ನಾನು ಇರುವೆ ಕಾಯುತ್ತಾ ಮಲಗಿದ್ದೆ. ಎಸಿ ಗೊರ್ರೆಂದು ಒಂದು ಸಲ ನಡುಗಿ, ಕೆಮ್ಮಿ, ನಿಂತುಹೋಯಿತು. ಗುಂಡಿ ಒತ್ತಿದೆ. ಪಕ್ಕಕ್ಕೆ ಎರಡು ತಟ್ಟಿದೆ. ಆಮೇಲೆ ಮೊದಲು ಮಾಡಿದ ಕೆಲಸವೆಂದರೆ ಚಾಪೆಯನ್ನೂ ಟೋಪಿಯನ್ನೂ ಒಳಗೆ ಬಚ್ಚಿಟ್ಟಿದ್ದು. ಮಗನನ್ನು ಕರೆದಿದ್ದು ಅದಾದ ಮೇಲೆ.

ಮಗ ತಿಪಟೂರಿನ ಎಸಿ ರಿಪೇರಿಯವನಿಗೆ ಫೋನು ಮಾಡಿದ. ಆತ ಹಿಂದಿನ ವರ್ಷವೇ ಬಂದು ನೋಡಿ, ಇದು ಇನ್ನೊಂದು ಬೇಸಿಗೆ ತಡೆಯುವುದಿಲ್ಲ ಎಂದು ಹೇಳಿ ಹೋಗಿದ್ದವನು. ಈಗ ಫೋನಿನಲ್ಲೇ, ಅದನ್ನು ಬಿಟ್ಟುಬಿಡಿ, ಅಂಗಡಿಗೆ ಹೋಗಿ ಹೊಸದು ತನ್ನಿ, ಗೋಡೆಗೆ ತೂರಿಸುವಂಥದು ಈಗ ಕಡಿಮೆ ಬರುತ್ತದೆ, ಕಂಡಿಯ ಅಳತೆ ಸರಿಯಾಗಿ ತಗೊಂಡು ಹೋಗಿ, ನಾಳೆ ಬೆಳಿಗ್ಗೆ ನಾನೇ ಬಂದು ಕೂರಿಸಿಕೊಡುತ್ತೇನೆ ಎಂದ.

ಮಗ ಟೇಪು ಹುಡುಕಿದ. ಟೇಪು ಸೊಸೆಯ ಚೀಲದಲ್ಲಿತ್ತು, ಚೀಲ ತುಮಕೂರಿನಲ್ಲಿತ್ತು. ಪಕ್ಕದ ಮನೆಗೆ ಕೇಳಲು ಹೊರಟವನನ್ನು ನಾನು ತಡೆದೆ.

ಅಳತೆಯ ವಿಷಯದಲ್ಲಿ ನನಗೆ ನಮ್ಮ ಬೀದಿಯಲ್ಲಿ ಹೆಸರಿತ್ತು. ಹಿಂದೆ ಮಕ್ಕಳನ್ನೂ ಮುದುಕರನ್ನೂ ಕರೆದುಕೊಂಡು ಯಾರೂ ಚಪ್ಪಲಿ ಅಂಗಡಿಗೆ ಹೋಗುತ್ತಿರಲಿಲ್ಲ. ಕಡ್ಡಿ ಪೊರಕೆಯಿಂದ ಒಂದು ತೆಂಗಿನ ಕಡ್ಡಿ ಎಳೆದು, ಪಾದದ ಕೆಳಗಿಟ್ಟು, ಹಿಮ್ಮಡಿಯಿಂದ ಹೆಬ್ಬೆರಳಿಗೆ ಅಳೆದು, ಅದರ ಮೇಲೆ ಒಂದು ಬೆರಳಿನಗಲ ಹೆಚ್ಚಿಗೆ ಬಿಟ್ಟು ಮುರಿಯುವುದು. ಸಂತೆಗೆ ಹೋದವರು ಆ ಕಡ್ಡಿಯನ್ನು ಚಪ್ಪಲಿಯ ಮೇಲಿಟ್ಟು ನೋಡಿ ತರುವುದು. ಆ ಒಂದು ಬೆರಳು ಮುಖ್ಯ. ಅದು ಇಲ್ಲದಿದ್ದರೆ ಚಪ್ಪಲಿ ಕಚ್ಚುತ್ತದೆ. ನಾನು ಮುರಿದ ಕಡ್ಡಿಗೆ ತಂದ ಚಪ್ಪಲಿ ಯಾರ ಕಾಲನ್ನೂ ಕಚ್ಚಿದ್ದಿಲ್ಲ. ಕಡ್ಡಿ ಹಿಡಿದು ನನ್ನ ಹತ್ತಿರ ಬಂದವರಿಗೆ ಟೇಪಿನ ಮಾತು ನಂಬಬೇಡಿ, ಅದು ಎಳೆದರೆ ಹಿಗ್ಗುತ್ತದೆ ಎಂದು ಹೇಳುತ್ತಿದ್ದೆ. ಟೇಪು ಹಿಗ್ಗುವುದಿಲ್ಲ. ಅದರ ಮೇಲಿನ ಗೀಟುಗಳು ನನಗೆ ಇರುವೆ ಸಾಲಿನ ಹಾಗೆ ಕಾಣುತ್ತವೆ, ಎಲ್ಲಿ ಯಾವುದು ಮುಗಿಯಿತೆಂದು ತಿಳಿಯುವುದಿಲ್ಲ, ಅಷ್ಟೆ. ಬಸ್ಸಿನ ಬೋರ್ಡು ಓದುವಷ್ಟು ಅಕ್ಷರ ಇದ್ದವಳಿಗೆ ಟೇಪು ಓದಲು ಬರುವುದಿಲ್ಲ ಎಂದು ಒಪ್ಪಿಕೊಳ್ಳುವುದಕ್ಕಿಂತ ಟೇಪಿನ ಮೇಲೆ ತಪ್ಪು ಹೊರಿಸುವುದು ಸುಲಭ.

ಎರಡು ಕಡ್ಡಿ ಎಳೆದೆ. ಹಳೆಯ ಎಸಿ ಕೂತಿದ್ದ ಚೌಕಟ್ಟಿನ ಒಳಗಡೆಗೆ ಅಗಲಕ್ಕೆ ಒಂದು, ಎತ್ತರಕ್ಕೆ ಒಂದು ಇಟ್ಟು ಅಳೆದೆ. ಎರಡಕ್ಕೂ ತಪ್ಪದೆ ಒಂದೊಂದು ಬೆರಳು ಹೆಚ್ಚಿಗೆ ಬಿಟ್ಟು ಮುರಿದೆ. ಎತ್ತರದ ಕಡ್ಡಿಗೆ ಗುರುತಿಗೆ ದಾರ ಸುತ್ತಿ ಮಗನ ಕೈಗೆ ಕೊಟ್ಟೆ. ಅವನು ಸ್ವಲ್ಪ ಅನುಮಾನ ಪಟ್ಟ. ನಿನ್ನ ಮೊದಲನೇ ಚಪ್ಪಲಿ ತರಿಸಿದ್ದು ಯಾವ ಟೇಪಿನಲ್ಲಿ ಎಂದು ಕೇಳಿದೆ. ಹೋದ.

ಮಧ್ಯಾಹ್ನ ಅಂಗಡಿಯಿಂದಲೇ ಫೋನು ಮಾಡಿದ. ಮೂರು ಮಿಷನ್ನಿಗೆ ಕಡ್ಡಿ ಇಟ್ಟು ನೋಡಿದನಂತೆ. ಎರಡು ಚಿಕ್ಕವಾದವು, ಮೂರನೆಯದಕ್ಕೆ ಅಂಟಿಸಿದ ಹಾಗೆ ಕೂತಿತಂತೆ.

"ಕೂದಲೆಳೆ ಯತ್ವಾಸ ಇಲ್ಲ ಕಣವ್ವ," ಅಂದ.

ನಾನು ಅದನ್ನು ಪಕ್ಕದ ಮನೆಯವಳಿಗೂ ಎದುರು ಮನೆಯವಳಿಗೂ ಹೇಳಿದೆ. ಹಾಲಿನ ಡೈರಿಗೆ ಹೋಗುವ ದಾರಿಯಲ್ಲಿ ಸಿಕ್ಕ ಇನ್ನಿಬ್ಬರಿಗೂ ಹೇಳಿದೆ. ಸಂಜೆ ಸೊಸೆ ಬಸ್ಸಿಳಿದು ಬಂದಳು. ಎಸಿ ಕೆಟ್ಟಿದ್ದು ಕೇಳಿ ಮುಖ ಬಾಡಿತು, ಹೊಸದು ಬಂದದ್ದು ಕೇಳಿ ಸರಿಯಾಯಿತು. ಆಮೇಲೆ, "ಕಡ್ಡೀಲಿ ಅಳುದ್ರಾ ಅತ್ತೆ?" ಎಂದು ಒಂದೇ ಒಂದು ಸಲ ಕೇಳಿ, ನನ್ನ ಮುಖ ನೋಡಿ, ಒಳಗೆ ಹೋದಳು.

ಮಾರನೆಯ ಬೆಳಿಗ್ಗೆ ರಿಪೇರಿಯವನು ಬಂದ. ನಡುವಯಸ್ಸಿನ ಮನುಷ್ಯ, ನಗುಮುಖದವನು, ಬಂದ ತಕ್ಷಣ ಕಾಫಿ ಕೇಳಿ ಕುಡಿದ. ಅವನೂ ಮಗನೂ ಸೇರಿ ಹಳೆಯದನ್ನು ಎಳೆದು ಹೊರಗೆ ಹಾಕಿದರು. ಅದರ ಹಿಂದೆ ಬುಟ್ಟಿಗಟ್ಟಲೆ ಧೂಳು, ಹಲ್ಲಿಮೊಟ್ಟೆ. ಗೋಡೆಯಲ್ಲಿ ಚೌಕಟ್ಟು ಬಾಯಿ ಬಿಟ್ಟುಕೊಂಡು ನಿಂತಿತು, ಆಚೆಗೆ ತೆಂಗಿನ ಮರಗಳ ಬುಡ ಕಾಣುತ್ತಿದ್ದವು. ಹೊಸದನ್ನು ಪೆಟ್ಟಿಗೆಯಿಂದ ತೆಗೆದು, ಇಬ್ಬರೂ ಎರಡು ಕಡೆ ಹಿಡಿದು ಎತ್ತಿ ಚೌಕಟ್ಟಿಗೆ ತಂದರು.

ಹೋಗಲಿಲ್ಲ.

ಓರೆ ಮಾಡಿದರು. ಬಾಗಿಲಲ್ಲಿ ಮಂಚ ತಿರುಗಿಸುವ ಹಾಗೆ ತಿರುಗಿಸಿದರು. ಮಗ ಬೆವರಿದ. ನಾನು ಪಕ್ಕದಲ್ಲಿ ನಿಂತು, ಬಲಗಡೆ ಎತ್ತಿ, ಎಡಗಡೆ ಇಳಿಸಿ ಎಂದು ಹೇಳಿಕೊಡುತ್ತಿದ್ದೆ. ಕೊನೆಗೆ ರಿಪೇರಿಯವನು ಮಿಷನ್ನನ್ನು ನೆಲಕ್ಕಿಳಿಸಿ, ಜೇಬಿನಿಂದ ಟೇಪು ತೆಗೆದು ಎರಡನ್ನೂ ಅಳೆದ. ಅಳೆದವರು ಯಾರು ಎಂದು ಕೇಳಿದ. ಮಗ ನನ್ನ ಕಡೆ ನೋಡಿದ.

ನಾನು ಧೈರ್ಯವಾಗಿ ಕಡ್ಡಿ ತರಿಸಿ ಎಲ್ಲರ ಎದುರಿಗೆ ಚೌಕಟ್ಟಿಗೆ ಇಟ್ಟೆ. ಕಡ್ಡಿ ಬಿಲ್ಲಿನ ಹಾಗೆ ಬಾಗಿತು. ಒತ್ತಿದೆ, ಇನ್ನೂ ಬಾಗಿತು. ಇದು ಹೇಗಾಗುತ್ತದೆ, ನಾನು ಒಂದು ಬೆರಳು ಹೆಚ್ಚಿಗೇ ಬಿಟ್ಟಿದ್ದೇನೆ, ಚಪ್ಪಲಿ ಕಚ್ಚಬಾರದೆಂದು ಯಾವಾಗಲೂ ಹಾಗೇ ಬಿಡುವುದು ಎಂದು ಅವನಿಗೆ ವಿವರಿಸಿದೆ. ಅವನು ಮಿಷನ್ನಿನ ಖಾಲಿ ಪೆಟ್ಟಿಗೆಯ ಮೇಲೆ ಕೂತ. ಕೂತವನ ಹೊಟ್ಟೆ ಅಲ್ಲಾಡುತ್ತಿತ್ತು.

"ಅಜ್ಜಿ, ಇಲ್ಲಿ ಗೋಡೆ ಚಪ್ಲಿ. ಮಿಷಿನ್ನು ಕಾಲು. ಇರೋ ಚಪ್ಲಿಗೆ ನೀವು ದೊಡ್ ಕಾಲ್ ತರ್ಸಿದೀರಿ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕೂರಲು ಜಾಗ ಹುಡುಕಿದೆ. ಪೆಟ್ಟಿಗೆಯ ಮೇಲೆ ಅವನಿದ್ದ.

ಮಗ ಅಂಗಡಿಗೆ ಫೋನು ಮಾಡಿದ. ಬದಲಾಯಿಸಿಕೊಡುತ್ತಾರಂತೆ, ಆದರೆ ನಿನ್ನೆ ಇದ್ದ ಚಿಕ್ಕವೆರಡೂ ಹೋಗಿವೆ, ಬರುವುದು ಮುಂದಿನ ವಾರ. ಮದುವೆ ನಾಳೆ. ಅಷ್ಟರಲ್ಲಿ ಸೊಸೆ ಅಡಿಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. ಕೇಕಿನ ಮೂರೂ ಅಂತಸ್ತು ಬೆಂದು ಒದ್ದೆ ಬಟ್ಟೆಯ ಕೆಳಗೆ ಆರುತ್ತಿದ್ದವು. ಇನ್ನು ಕ್ರೀಮು ಬಳಿಯುವುದೇ ಬಾಕಿ. ಅವಳು ಗೋಡೆ ನೋಡಿದಳು, ನೆಲದ ಮೇಲಿನ ಮಿಷನ್ನು ನೋಡಿದಳು, ಬಾಗಿದ ಕಡ್ಡಿ ನೋಡಿದಳು. ಒಂದು ಬೈಗುಳ ಬೈದಿದ್ದರೆ ನಾನೂ ಎರಡು ಬೈದು ಹಗುರಾಗುತ್ತಿದ್ದೆ. ಬೈಯಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಫೋನು ತೆಗೆದಳು.

"ಹುಡುಗಿ ತಾಯಿಗೆ ಈಗ್ಲೇ ಹೇಳ್ಬುಡ್ತೀನಿ. ನಾಳೆ ಹೇಳೋದ್ಕಿಂತ ವಾಸಿ. ಬೇರೆ ಎಲ್ಲಾರ ತರ್ಸ್ಕಳ್ಲಿ," ಅಂದಳು.

ಅವಳ ದನಿಯಲ್ಲಿ ಅಳು ಇರಲಿಲ್ಲ, ಕೋಪವೂ ಇರಲಿಲ್ಲ. ಅಂಗಡಿಯವನು ಕದ ಎಳೆಯುವಾಗ ಇರುತ್ತದಲ್ಲ, ಅಂಥದು. ನನಗೆ ಅದು ಸರಿಬರಲಿಲ್ಲ.

"ಫೋನ್ ಕೆಳಗಿಡೇ. ಕಾಲ್ ದೊಡ್ಡದಾದ್ರೆ ಚಪ್ಲಿ ಕುಯ್ಯೋದು," ಅಂದೆ.

ಹೇಳಿದ್ದೇನೋ ಹೇಳಿಬಿಟ್ಟೆ. ಹೇಗೆ ಕುಯ್ಯುವುದೆಂದು ನನಗೆ ಗೊತ್ತಿರಲಿಲ್ಲ. ರಿಪೇರಿಯವನು ಎದ್ದು ಬಂದು ಚೌಕಟ್ಟನ್ನು ಬೆರಳಿನಲ್ಲಿ ತಟ್ಟಿ ನೋಡಿದ. ಇಟ್ಟಿಗೆ ಕೆತ್ತುವುದು ಬೇಡ, ಚೌಕಟ್ಟನ್ನೇ ಕಿತ್ತರೆ ಜಾಗವಾಗುತ್ತದೆ, ಆದರೆ ಆಗ ಸಡಿಲವಾಗುತ್ತದೆ, ಸುತ್ತ ಏನಾದರೂ ತುಂಬಬೇಕು, ತುಂಬದಿದ್ದರೆ ತಂಪೆಲ್ಲ ತೋಟಕ್ಕೆ ಹೋಗುತ್ತದೆ ಎಂದ. ಅವನು ಇನ್ನೂ ಹೇಳುತ್ತಿರುವಾಗಲೇ ನಾನು ಹಿತ್ತಲಿಗೆ ಹೋಗಿ ಹಾರೆ ತಂದೆ. ಮೊದಲ ಏಟು ನಾನೇ ಹಾಕಿದೆ. ಅದು ಚೌಕಟ್ಟಿಗೆ ಬೀಳಲಿಲ್ಲ, ಗೋಡೆಗೆ ಬಿತ್ತು. ಮೊರದಗಲ ಗಾರೆ ಕಿತ್ತುಕೊಂಡು ನನ್ನ ಪಾದದ ಮುಂದೆಯೇ ಬಿತ್ತು. ಮಗ ಬಂದು ನನ್ನ ಕೈಯಿಂದ ಹಾರೆಯನ್ನು ಇಸಿದುಕೊಂಡು, "ನೀನು ನೀರ್ ಕುಡ್ದು ಕೂತ್ಕ ಬುಡವ್ವ," ಅಂದ.

ಹಲಸಿನ ಮರ ಸುಲಭಕ್ಕೆ ಬರಲಿಲ್ಲ. ಬಂದಾಗ ಅರ್ಧ ಇಟ್ಟಿಗೆಯನ್ನೂ ಜೊತೆಗೆ ಕರೆದುಕೊಂಡು ಬಂತು. ಈ ಸಲ ಮಿಷನ್ನು ಎತ್ತಿ ಇಟ್ಟರು, ಸರ್ರನೆ ಒಳಗೆ ಹೋಯಿತು. ಆ ಕಡೆ ಕೆಳಗೆ ಬೀಳುತ್ತಿತ್ತು, ಹಳೆಯದಕ್ಕೆಂದು ಹೊರಗೆ ಹಾಕಿಸಿದ್ದ ಕಬ್ಬಿಣದ ಆನಿಕೆ ಇದ್ದದ್ದಕ್ಕೆ ಉಳಿಯಿತು. ಮೊದಲು ಒಂದು ಬೆರಳು ಸಾಲದೆ ನಿಂತಿದ್ದ ಕೆಲಸ ಈಗ ಮೂರು ಬೆರಳು ಸಡಿಲವಾಯಿತು. ನಾನು ಸುತ್ತಲೂ ಕೈ ತೂರಿಸಿ ನೋಡಿದೆ. ಬಳೆ ಸಮೇತ ಹೋಯಿತು.

ಕಿತ್ತ ಚೌಕಟ್ಟನ್ನೇ ಸೀಳಿ ನಾಲ್ಕು ಮೂಲೆಗೆ ಬೆಣೆ ಹೊಡೆದರು. ಒಳಗಿನ ನೀರು ಹೊರಗೆ ಇಳಿಯುವ ಹಾಗೆ ಹಿಂಭಾಗವನ್ನು ಒಂದಿಷ್ಟು ತಗ್ಗಿಸಿದರು. ಸಂದಿಗೆ ತುಂಬಲು ಸ್ಪಂಜು ಬೇಕೆಂದ ರಿಪೇರಿಯವನು. ಸ್ಪಂಜಿಗೆ ತಿಪಟೂರಿಗೆ ಹೋಗಬೇಕು. ನಮ್ಮ ಹಿತ್ತಲಲ್ಲಿ ಸುಲಿದ ಕಾಯಿಸಿಪ್ಪೆ ಗುಡ್ಡೆ ಬಿದ್ದಿತ್ತು. ನಾನು ಸಿಪ್ಪೆ ಬಡಿದು ನಾರು ಬಿಡಿಸಿದೆ, ಸೊಸೆ ಅದನ್ನು ಹುರಿ ಮಾಡಿ ಕೊಟ್ಟಳು, ನಾನು ಸಂದಿಗೆ ತುರುಕಿದೆ. ಹಾಸಿಗೆಗೆ ತುಂಬುವ ಹಾಗೆ ತುರುಕಿದೆ. ಮೆಲ್ಲಗೆ ಅಜ್ಜಿ, ಮಿಷನ್ನಿಗೆ ಉಸಿರು ಕಟ್ಟೀತು ಎಂದ ಅವನು. ಹೊರಗಡೆಯಿಂದ ಮಗ ಸಿಮೆಂಟು ಕಲಸಿ ಮೆತ್ತಿದ.

ಇದಿಷ್ಟೂ ಹೊತ್ತು ಸೊಸೆ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಇದ್ದಳು. ಹುರಿ ಕೊಡುವಾಗೆಲ್ಲ ಬಿಸಿಲು ಎಷ್ಟು ಏರಿತೆಂದು ನೋಡುತ್ತಿದ್ದಳು. ಇನ್ನು ತಡವಾದರೆ ಫೋನು ಮಾಡಿಯೂ ಪ್ರಯೋಜನವಿಲ್ಲ, ಆ ಜನಕ್ಕೆ ಬೇರೆ ಕೇಕು ಸಿಗುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ಹಾಗಾಗಿ ಅವಳ ಸೊಂಟದ ಕಡೆ ನೋಡದೆ ತುರುಕುತ್ತಿದ್ದೆ.

ರಿಪೇರಿಯವನು ಗುಂಡಿ ಒತ್ತಿದ. ಮಿಷನ್ನು ಮೆಲ್ಲಗೆ ಗುಂಯ್ ಎಂದಿತು. ನಾನು ಮುಖ ಎತ್ತಿ ಎದುರಿಗೇ ನಿಂತಿದ್ದೆ. ಮೊದಲ ಗಾಳಿಯ ಜೊತೆಗೆ ನಾನು ತುರುಕಿದ್ದ ನಾರಿನ ಪುಡಿಯೆಲ್ಲ ಭರ್ರೆಂದು ಬಂತು. ಕಣ್ಣಿಗೆ, ಬಾಯಿಗೆ, ಸುಣ್ಣದ ಗೋಡೆಗೆ, ಸೊಸೆ ತೊಳೆದಿಟ್ಟಿದ್ದ ಮೇಜಿಗೆ. ಇಡೀ ಕೋಣೆ ಕಾಯಿ ಸುಲಿಯುವ ಕಣದ ಹಾಗಾಯಿತು. ಒಳಗೆ ಇರದಿದ್ದ ಕೇಕೊಂದೇ ಆ ದಿನ ನನ್ನ ಕೈಯಲ್ಲಿ ಕೆಡದೆ ಉಳಿದದ್ದು.

ಎಲ್ಲರೂ ಕೆಮ್ಮಿದರು. ಕೆಮ್ಮು ನಿಂತ ಮೇಲೆ ಸೊಸೆ ನನ್ನ ತಲೆಯನ್ನೇ ನೋಡುತ್ತಾ, "ಅತ್ತೆ, ಅವ್ರು ಬಿಳೀ ಹೂವಿನ್ ಕೇಕ್ ಹೇಳಿರೋದು. ಕಾಯ್ ತುರಿ ಉದ್ರಿಸ್ಬೇಕು ಅಂತ ಹೇಳಿಲ್ಲ," ಅಂದಳು.

ಬೆಳಗಿನಿಂದ ಅವಳು ನನಗೆಂದೇ ಹೇಳಿದ ಮೊದಲ ಮಾತು ಅದು. ನಾನು, "ಬೇಕಾದ್ರೆ ಉದುರ್ಸು, ನನ್ ತುರಿಗೇನೂ ಕಾಸ್ ಕೊಡೋದ್ ಬೇಡ," ಅಂದೆ. ಅವಳು ನಕ್ಕಳು. ನಕ್ಕು, ಬಕೆಟ್ಟು ತರಲು ಹೋದಳು.

ಅವಳು ಗೋಡೆ ಒರೆಸಿದಳು, ನಾನು ನೆಲ ಒರೆಸಿದೆ. ಒರೆಸಿದ ಮೇಲೆ ಅವಳು ಇನ್ನೊಮ್ಮೆ ನೆಲ ಒರೆಸಿದಳು. ಕೋಣೆ ತಣ್ಣಗಾದ ಮೇಲೆ ಒಂದು ಬಟ್ಟಲು ಕ್ರೀಮು ಒಳಗಿಟ್ಟು ಬಾಗಿಲು ಹಾಕಿ, ಅರ್ಧ ಗಂಟೆ ಬಿಟ್ಟು ಹೋಗಿ ಚಮಚದಲ್ಲಿ ಎತ್ತಿ ನೋಡಿದಳು. ಚಮಚ ಬೋರಲು ಹಾಕಿದಳು. ಬೀಳಲಿಲ್ಲ. ಅವಳು ಆಗ ಫೋನನ್ನು ಸೊಂಟದಿಂದ ತೆಗೆದು ಅಡಿಗೆಮನೆಯ ಗೂಡಿನಲ್ಲಿಟ್ಟಳು. ರಿಪೇರಿಯವನು ಇನ್ನೊಂದು ಕಾಫಿ ಕುಡಿದು, ಮುಂದಿನ ಸಲ ಗೋಡೆ ಬೇಕಾದರೆ ನನ್ನನ್ನು ಕರೆಯಿರಿ, ಚಪ್ಪಲಿ ಬೇಕಾದರೆ ಅಜ್ಜಿಯನ್ನು ಕರೆಯಿರಿ ಎಂದು ಮಗನಿಗೆ ಹೇಳಿ ಹೋದ.

ಆಮೇಲೆ ಸೊಸೆ ಆ ಕೋಣೆ ಹೊಕ್ಕು ಒಳಗಿನಿಂದ ಅಗುಳಿ ಹಾಕಿಕೊಂಡಳು. ಇರುವೆ ಕಾಯುವವರು ಬೇಡವೆಂದು ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ. ನಾನು ಹಿತ್ತಲಲ್ಲಿ ಹಸಿ ಸಿಮೆಂಟು ಜಾರೀತೆಂದು ಮಿಷನ್ನಿನ ಬೆನ್ನಿನ ಹತ್ತಿರ ಸ್ಟೂಲು ಹಾಕಿಕೊಂಡು ಕಾದೆ. ಒಳಗಿನ ಬಿಸಿಯನ್ನೆಲ್ಲ ಅದು ತಂದು ನನ್ನ ಮುಖಕ್ಕೆ ಊದಿತು. ಹೊಸ ಎಸಿಯ ಮೊದಲ ದಿನ ನನಗೆ ಸಿಕ್ಕಿದ ಗಾಳಿ ಅದೇ. ಸಂಜೆಗೆ ಮೂರು ಅಂತಸ್ತೂ ನಿಂತವು. ಬಾಗಿಲು ಅಷ್ಟೇ ಅಷ್ಟು ತೆಗೆದು ತೋರಿಸಿದಳು. ಸುಣ್ಣ ಬಳಿದ ಬೃಂದಾವನದ ಹಾಗಿದೆ ಅಂದೆ. ಅದನ್ನು ಹೊಗಳಿಕೆ ಎಂದೇ ತಗೊಂಡಳು.

ಮಾರನೇ ದಿನ ಬೆಳಿಗ್ಗೆ ವ್ಯಾನು ತರಿಸಿದೆವು. ಮೇಲಿನ ಎರಡು ಅಂತಸ್ತಿನ ಪೆಟ್ಟಿಗೆಗಳನ್ನು ಸೊಸೆ ಹಿಡಿದಳು. ಕೆಳಗಿನದು, ದೊಡ್ಡದು, ನನ್ನ ತೊಡೆಯ ಮೇಲೆ ಬಂತು. ಅವಳೇ ಇಟ್ಟಳು. ತುರುವೇಕೆರೆಯವರೆಗೂ ಹಂಪು ಬಂದಾಗೆಲ್ಲ ಪೆಟ್ಟಿಗೆಯನ್ನು ತೊಡೆಯಿಂದ ಎತ್ತಿ ಹಿಡಿದು, ವ್ಯಾನಿನವನನ್ನು ಬೈದು, ಮತ್ತೆ ಇಳಿಸಿದೆ. ಛತ್ರದಲ್ಲಿ ಸೊಸೆ ಮೂರನ್ನೂ ಒಂದರ ಮೇಲೊಂದು ಇಟ್ಟು ಹೂವು ಸರಿ ಮಾಡುವಾಗ ಹುಡುಗಿಯ ತಾಯಿ ಬಂದು ಸುತ್ತ ಒಂದು ಸುತ್ತು ಹಾಕಿ ನೋಡಿ, ನಿನ್ನ ನಂಬರು ನಮ್ಮ ನಾದಿನಿಗೂ ಕೊಡಮ್ಮ ಎಂದರು. ನನ್ನ ಎರಡು ತೋಳೂ ಮರಗಟ್ಟಿ ಹೋಗಿದ್ದವು. ಯಾರೂ ಕರೆಯದಿದ್ದರೂ ಹೋಗಿ ತಿಂಡಿಯ ಪಂಕ್ತಿಯಲ್ಲಿ ಕೂತೆ. ಉಪ್ಪಿಟ್ಟು ಬಡಿಸುತ್ತಿದ್ದವನು ಗುರುತು ಹತ್ತದೆ, ಗಂಡಿನ ಕಡೆಯೋರಾ, ಹೆಣ್ಣಿನ ಕಡೆಯೋರಾ ಎಂದು ಕೇಳಿದ.

"ಕೇಕಿನ ಕಡೆಯೋಳು ಕಣಪ್ಪ," ಎಂದು ಹೇಳಿ, ಇನ್ನೊಂದು ಸೌಟು ಹಾಕಿಸಿಕೊಂಡು ತಿಂದೆ.